ರಜೆಯಲ್ಲಿ ಮಕ್ಕಳ ಕೈಗೆ ಯಾವ ಆಟ? ಚೌಕಾಬಾರ, ಅಳಗುಳಿ ಮಣೆ, ಚೆಸ್, ಫೋನ್

ಏಪ್ರಿಲ್ 10 ದಾಟಿತು ಅಂದರೆ ನಮ್ಮ ಬೀದಿಯ ಅಮ್ಮಂದಿರು ನನ್ನನ್ನು ಕೇಳುವುದು ಒಂದೇ ಮಾತು. "ಮಿಸ್, ಶಾಲೆಗೆ ರಜ ಬಿತ್ತು, ಫೋನ್ ಕೆಳಗಿಡ್ತಾ ಇಲ್ಲ. ಲೆಕ್ಕಕ್ಕೂ ಸ್ವಲ್ಪ ಅನುಕೂಲ ಆಗೋ ಹಾಗೆ ಯಾವುದಾದ್ರೂ ಆಟ ಹೇಳಿ." ನಾನು 12 ವರ್ಷದಿಂದ ಸಂಜೆ ಹೊತ್ತು ಮನೆಯಲ್ಲೇ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದೇನೆ. ಒಂದನೇ ಕ್ಲಾಸಿನವರಿಂದ ಎಂಟನೇ ಕ್ಲಾಸಿನವರ ತನಕ ಬರುತ್ತಾರೆ. ಶನಿವಾರ ಮಾತ್ರ ಪುಸ್ತಕ ಮುಟ್ಟುವುದಿಲ್ಲ. ಅವತ್ತು ಬರೀ ಆಟ. ಹಾಗಾಗಿ ಯಾವ ಆಟ ಯಾವ ಮಗುವಿಗೆ ಏನು ಕಲಿಸುತ್ತದೆ ಅಂತ ಕಣ್ಣಾರೆ ನೋಡಿದ್ದೇನೆ. ಅದನ್ನೇ ಇಲ್ಲಿ ಹೋಲಿಸಿ ಬರೆಯುತ್ತಿದ್ದೇನೆ.

ಯಾವುದೇ ಆಟ ಕೈಗೆ ಬಂದರೂ ನಾನು ಎರಡು ವಿಷಯ ನೋಡುತ್ತೇನೆ. ಒಂದು, ಆಟದಲ್ಲಿ ಮಗುವಿಗೆ ಆಯ್ಕೆ ಇದೆಯಾ? ಅಂದರೆ ಈ ಕಾಯಿ ನಡೆಸಲಾ, ಆ ಕಾಯಿ ನಡೆಸಲಾ ಅಂತ ಯೋಚಿಸುವ ಅವಕಾಶ. ಇನ್ನೊಂದು ಇದಕ್ಕಿಂತ ಮುಖ್ಯ. ಲೆಕ್ಕ ಮಾಡುವುದು ಯಾರು? ಮಗುವೇ ಎಣಿಸುತ್ತದಾ, ಅಥವಾ ಅದರ ಪರವಾಗಿ ಬೇರೆ ಯಾರೋ ಎಣಿಸಿಬಿಡುತ್ತಾರಾ?

ಲೂಡೋ ಒಂದನ್ನೇ ನೋಡಿ. ಹಾಸಿನ ಮೇಲೆ ಆಡುವಾಗ ಆರು ವರ್ಷದ ಮಗು ದಾಳ ಹಾಕುತ್ತದೆ, ಚುಕ್ಕಿ ಎಣಿಸುತ್ತದೆ, ಕಾಯಿ ಹಿಡಿದು ಒಂದೊಂದೇ ಮನೆಗೆ ಕುಟ್ಟುತ್ತಾ "ಒಂದು, ಎರಡು, ಮೂರು" ಅನ್ನುತ್ತದೆ. ಒಂದೆರಡು ತಿಂಗಳಾದ ಮೇಲೆ ಅದೇ ಮಗು ಐದು ಬಿದ್ದರೆ ಎಣಿಸದೆ ಸೀದಾ ಐದನೇ ಮನೆಗೆ ಕಾಯಿ ಇಡುತ್ತದೆ. ಕೂಡುವ ಲೆಕ್ಕ ಶುರುವಾಗುವುದೇ ಅಲ್ಲಿ. ಅದೇ ಲೂಡೋ ಫೋನಿನಲ್ಲಿ ಆಡಿದರೆ? ದಾಳದ ಮೇಲೆ ಬೆರಳಿಟ್ಟರೆ ಸಾಕು, ಕಾಯಿ ತಾನೇ ಟಕಟಕ ಹಾರಿ ಹೋಗಿ ನಿಲ್ಲುತ್ತದೆ. ಮಗು ಎಣಿಸುವುದೇ ಇಲ್ಲ. ಆಟ ಅದೇ, ನಿಯಮ ಅದೇ, ಲೆಕ್ಕ ಮಾತ್ರ ಮಗುವಿನ ಕೈ ತಪ್ಪಿ ಹೋಗಿದೆ.

ನಾನು ಫೋನಿನ ವಿರೋಧಿ ಅಲ್ಲ. ಫೋನೇ ಮೇಲು ಅನ್ನಿಸುವ ಆಟವೂ ಇದೆ, ಮುಂದೆ ಹೇಳುತ್ತೇನೆ.

ಚಿಕ್ಕವರಿಗೆ ಹಾವು-ಏಣಿ

ನಾಲ್ಕರಿಂದ ಆರು ವರ್ಷದ ಮಕ್ಕಳಿಗೆ ಹಾವು-ಏಣಿ ಸಾಕು. ಇದರಲ್ಲಿ ಆಯ್ಕೆ ಅನ್ನುವುದೇ ಇಲ್ಲ. ದಾಳ ಹೇಳಿದ್ದೇ ಕೊನೆ. ಆದರೆ ಆ ವಯಸ್ಸಿನಲ್ಲಿ 1ರಿಂದ 100ರ ತನಕ ಅಂಕಿ ಓದುವುದೇ ದೊಡ್ಡ ಕೆಲಸ. 46ರ ಹಾವು ಕಚ್ಚಿ 25ಕ್ಕೆ ಇಳಿದಾಗ ಮಗುವಿಗೆ ಆಗುವ ಸಂಕಟ ಇದೆಯಲ್ಲ, ಯಾವ ಅಂಕಿ ದೊಡ್ಡದು ಯಾವುದು ಚಿಕ್ಕದು ಅನ್ನುವುದು ಅದರಲ್ಲೇ ಗಟ್ಟಿಯಾಗುತ್ತದೆ. ನಮ್ಮಲ್ಲಿ ವೈಕುಂಠ ಏಕಾದಶಿಯ ಜಾಗರಣೆಗೆ ಕೆಲವು ಮನೆಗಳಲ್ಲಿ ಪರಮಪದ ಸೋಪಾನ ಪಟ ಆಡುತ್ತಿದ್ದರು. ಅದೂ ಇದೇ ಆಟ.

ಏಳು ದಾಟಿದ ಮೇಲೆ ಈ ಆಟ ಮಕ್ಕಳಿಗೆ ಬೇಜಾರು ತರಿಸುತ್ತದೆ. ಹಾಸನ್ನು ಮಾತ್ರ ಎಸೆಯಬೇಡಿ. ಎರಡನೇ ಕ್ಲಾಸಿನ ಮಗುವನ್ನು ಕೂರಿಸಿ, ಕೆಳಗಿನ ಸಾಲಿನ ಯಾವುದಾದರೂ ಮನೆ ಮತ್ತು ಅದರ ನೆತ್ತಿಯ ಮೇಲಿನ ಮನೆ ಕೂಡಿಸಲು ಹೇಳಿ. 10ರ ಮೇಲೆ 11, ಕೂಡಿದರೆ 21. 9ರ ಮೇಲೆ 12, ಅದೂ 21. 1ರ ಮೇಲೆ 20, ಮತ್ತೆ 21. ಎರಡನೇ ಸಾಲು ಮತ್ತು ಮೂರನೇ ಸಾಲು ಕೂಡಿಸಿದರೆ ಎಲ್ಲಾ ಕಡೆ 41. ಆಮೇಲೆ 61, 81. ಯಾಕೆ ಹೀಗೆ ಅಂತ ಹೇಳಬೇಡಿ. ಮಗುವೇ ಹಾಸಿನ ಮೇಲೆ ಬೆರಳಾಡಿಸಿ, "ಒಂದು ಕಡೆ ಕಡಿಮೆ ಆದ್ರೆ ಇನ್ನೊಂದು ಕಡೆ ಜಾಸ್ತಿ ಆಗುತ್ತೆ" ಅನ್ನುವ ತನಕ ಕಾಯಿರಿ. ಅಂದಹಾಗೆ, ಅಂಕಿ ಹಾವಿನಂತೆ ಸುತ್ತಿಕೊಂಡು ಹೋಗುವ ಹಾಸಿನಲ್ಲಿ ಮಾತ್ರ ಇದು ಬರುತ್ತದೆ. ಪ್ರತಿ ಸಾಲೂ ಎಡದಿಂದಲೇ ಶುರುವಾಗುವ ಹಾಸಿನಲ್ಲಿ ಬರುವುದಿಲ್ಲ.

ಲೂಡೋಗಿಂತ ಚೌಕಾಬಾರ ಯಾಕೆ ಮೇಲು

ಈ ಹೋಲಿಕೆಗೆ ಸ್ವಲ್ಪ ಜಾಸ್ತಿ ಜಾಗ ಬೇಕು. ಯಾಕೆಂದರೆ ಎರಡೂ ಒಂದೇ ತರಹದ ಆಟ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಸುತ್ತು ಬರುವುದು, ಕಾಯಿ ಹೊಡೆಯುವುದು, ನಡುವಿನ ಮನೆ ಸೇರುವುದು. ಲೂಡೋ ಹುಟ್ಟಿದ್ದೂ ನಮ್ಮ ಪಗಡೆಯ ಮನೆತನದ ಪಚೀಸಿ ಆಟದಿಂದಲೇ. 1896ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಆಗಿ, ಕವಡೆಯ ಜಾಗಕ್ಕೆ ಒಂದೇ ದಾಳ ಬಂತು. ಲೆಕ್ಕದ ದೃಷ್ಟಿಯಿಂದ ನೋಡಿದರೆ ಆ ಬದಲಾವಣೆಯಲ್ಲಿ ಒಳ್ಳೆಯದೊಂದು ಕಳೆದುಹೋಯಿತು.

ದಾಳದಲ್ಲಿ 1ರಿಂದ 6ರ ತನಕ ಯಾವ ಅಂಕಿ ಬೀಳುವ ಸಾಧ್ಯತೆಯೂ ಒಂದೇ. ಆರರಲ್ಲಿ ಒಂದು. ಆದ್ದರಿಂದ ಎದುರಾಳಿಯ ಕಾಯಿ ನಿಮ್ಮ ಕಾಯಿಗಿಂತ ಎರಡು ಮನೆ ಹಿಂದಿದ್ದರೂ ಅಷ್ಟೇ ಭಯ, ಐದು ಮನೆ ಹಿಂದಿದ್ದರೂ ಅಷ್ಟೇ ಭಯ. ಯೋಚಿಸಲು ಏನೂ ಇಲ್ಲ. ಇನ್ನು ಕಾಯಿ ಹೊರಗೆ ಬರಬೇಕಾದರೆ ಆರು ಬೀಳಲೇಬೇಕು ಅನ್ನುವ ನಿಯಮ. ಮೂರು ಸಲ ಹಾಕಿದರೂ ಆರು ಬೀಳದೇ ಇರುವ ಸಾಧ್ಯತೆ 216ರಲ್ಲಿ 125. ಅರ್ಧಕ್ಕಿಂತ ಜಾಸ್ತಿ. ಚಿಕ್ಕ ಮಗು ಒಂದು ಕಾಯಿಯನ್ನೂ ಆಚೆ ತೆಗೆಯಲಾಗದೆ ಮುಖ ಊದಿಸಿಕೊಂಡು ಕೂರುವುದು ಇದೇ ಕಾರಣಕ್ಕೆ.

ಚೌಕಾಬಾರಕ್ಕೆ ನಾಲ್ಕು ಕವಡೆ. ಒಂದು ಅಂಗಾತ ಬಿದ್ದರೆ 1, ಎರಡು ಅಂಗಾತ ಬಿದ್ದರೆ 2, ಮೂರು ಬಿದ್ದರೆ 3. ನಾಲ್ಕೂ ಅಂಗಾತ ಬಿದ್ದರೆ 4, ಅದು ಚೌಕ. ನಾಲ್ಕೂ ಮಕಾಡೆ ಬಿದ್ದರೆ 8, ಅದು ಬಾರ. ಚೌಕ, ಬಾರ ಬಿದ್ದವರಿಗೆ ಇನ್ನೊಂದು ಸಲ ಹಾಕುವ ಅವಕಾಶ. ನೆಲದ ಮೇಲೆ ಐದು ಸಾಲು, ಐದು ಕಂಬ, ಒಟ್ಟು 25 ಮನೆ. ಹೊರಸುತ್ತಿನಲ್ಲಿ 16, ಒಳಸುತ್ತಿನಲ್ಲಿ 8, ನಡುವೆ ಒಂದು. ಅಲ್ಲಿ ಸೇರಿದರೆ ಕಾಯಿ ಹಣ್ಣಾಯಿತು. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ. ಆದ್ದರಿಂದ ಕಟ್ಟೆಯಿಂದ ಕಟ್ಟೆಗೆ (ಕಾಯಿ ಹೊಡೆಯಲಾಗದ ಮನೆಗಳು) ಅಡಗಿಕೊಂಡು ಓಡುವವರು ಗೆಲ್ಲುವುದಿಲ್ಲ.

ಹೋದ ವರ್ಷ ಐದನೇ ಕ್ಲಾಸಿನ ಹುಡುಗಿಯೊಬ್ಬಳು ನನ್ನ ಎದುರು ಆಡುತ್ತಿದ್ದಳು. ಅವಳ ಕಾಯಿ ನನ್ನ ಕಾಯಿಗಿಂತ ಎರಡು ಮನೆ ಮುಂದೆ ಬಂದು ನಿಂತಿತು. ನನಗೆ ಎರಡು ಬಿತ್ತು, ಹೊಡೆದೆ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಕತೆ. ಮೂರನೇ ಸಲವೂ ಹಾಗೇ ಆದಾಗ ಅವಳು ಕವಡೆಗಳನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. "ಮಿಸ್, ನಿಮಗೆ ಯಾಕೆ ಯಾವಾಗಲೂ ಎರಡೇ ಬೀಳುತ್ತೆ?" ಅಂದಳು. ಕಣ್ಣಲ್ಲಿ ನೀರು ತುಂಬಿತ್ತು.

ಆಟ ನಿಲ್ಲಿಸಿ ಸ್ಲೇಟು ತೆಗೆದೆವು. ಅಂಗಾತಕ್ಕೆ "ಅ", ಮಕಾಡೆಗೆ "ಮ". ನಾಲ್ಕು ಕವಡೆ ಎಷ್ಟು ರೀತಿ ಬೀಳಬಹುದು ಅಂತ ಅವಳೇ ಬರೆಯುತ್ತಾ ಹೋದಳು. ಅಅಅಅ, ಅಅಅಮ, ಅಅಮಅ, ಅಅಮಮ... ಒಟ್ಟು 16 ಆಯಿತು. ಆಮೇಲೆ ಎಣಿಸಿದೆವು. ಒಂದು ಬೀಳುವುದು ನಾಲ್ಕು ರೀತಿ. ಎರಡು ಬೀಳುವುದು ಆರು ರೀತಿ. ಮೂರು ಬೀಳುವುದು ನಾಲ್ಕು ರೀತಿ. ಚೌಕ ಒಂದೇ ರೀತಿ, ಬಾರವೂ ಒಂದೇ ರೀತಿ. ಅವಳು ಸ್ಲೇಟನ್ನೇ ನೋಡುತ್ತಾ ಕೂತಳು. ಆಮೇಲೆ, "ಹಾಗಾದ್ರೆ ನಾನು ನಿಮ್ಮಿಂದ ನಾಲ್ಕು ಮನೆ ದೂರ ನಿಂತರೆ ನಿಮಗೆ ಹೊಡೆಯೋದು ಕಷ್ಟ" ಅಂದಳು. 16ರಲ್ಲಿ 6ಕ್ಕೂ 16ರಲ್ಲಿ 1ಕ್ಕೂ ಇರುವ ವ್ಯತ್ಯಾಸ ಆ ಮಗುವಿಗೆ ಯಾವ ಸೂತ್ರವೂ ಇಲ್ಲದೆ ತಿಳಿಯಿತು. ಅವತ್ತಿನಿಂದ ಅವಳ ಆಟವೇ ಬೇರೆ ಆಯಿತು. ಕಟ್ಟೆ ಸಿಗದಿದ್ದರೆ ಎದುರಾಳಿಯಿಂದ ನಾಲ್ಕು ಮನೆ ದೂರ ಹುಡುಕುತ್ತಾಳೆ. ಅದೂ ಸಿಗದಿದ್ದರೆ ಒಂದೋ ಮೂರೋ. ಎರಡಕ್ಕೆ ಮಾತ್ರ ನಿಲ್ಲುವುದಿಲ್ಲ.

ಐದು ಮನೆ ದೂರ ಇದ್ದರೆ ಪೂರ್ತಿ ಬಚಾವ್ ಅಂತ ಕೆಲವು ಮಕ್ಕಳು ಅಂದುಕೊಳ್ಳುತ್ತಾರೆ. ಹಾಗಲ್ಲ. ಚೌಕ ಬಿದ್ದು, ಇನ್ನೊಂದು ಸಲ ಹಾಕಿದಾಗ ಒಂದು ಬಿದ್ದರೆ ಐದು ಆಗುತ್ತದೆ. ಅಪರೂಪ, ಆದರೆ ಆಗುತ್ತದೆ. ಇದನ್ನು ಅವರೇ ಕಂಡುಕೊಳ್ಳಲಿ.

ಇನ್ನೊಂದು ಸೂಕ್ಷ್ಮ ಇದೆ. ಈ 16ರ ಲೆಕ್ಕ ಸರಿಹೋಗಬೇಕಾದರೆ ಕವಡೆ ಅಂಗಾತ ಬೀಳುವುದೂ ಮಕಾಡೆ ಬೀಳುವುದೂ ಸಮ ಇರಬೇಕು. ನಿಜವಾದ ಕವಡೆಯ ಬೆನ್ನು ಉಬ್ಬು, ಬಾಯಿ ಚಪ್ಪಟೆ. ಹುಣಸೆ ಬೀಜ ತೇಯ್ದು ಮಾಡಿಕೊಂಡರೂ ಒಂದು ಕಡೆ ಸಪಾಟು, ಇನ್ನೊಂದು ಕಡೆ ಉಬ್ಬು. ಹಾಗಾಗಿ ದೊಡ್ಡ ಮಕ್ಕಳಿಗೆ ನಾನು ಒಂದು ಕೆಲಸ ಕೊಡುತ್ತೇನೆ. 160 ಸಲ ಹಾಕಿ, ಬಿದ್ದ ಗರವನ್ನೆಲ್ಲ, ಅಂದರೆ ಬಿದ್ದ ಅಂಕಿಯನ್ನೆಲ್ಲ, ಗೀಟು ಹಾಕಿ ಬರೆದಿಡಿ. ಲೆಕ್ಕದ ಪ್ರಕಾರ ಎರಡು ಸುಮಾರು 60 ಸಲ ಬೀಳಬೇಕು, ಬಾರ 10 ಸಲ. ನಿಮ್ಮ ಮನೆಯ ಕವಡೆ ಎಷ್ಟು ಕೊಡುತ್ತದೆ ನೋಡಿ. ನಮ್ಮ ಮನೆಯ ಹುಣಸೆ ಬೀಜಗಳು ಅಂಗಾತವೇ ಜಾಸ್ತಿ ಬೀಳುತ್ತವೆ ಅಂತ ಮಕ್ಕಳು ಹೀಗೇ ಪತ್ತೆ ಹಚ್ಚಿದ್ದು. ಈಗ ಅವರು ಮೂರು ಮನೆ ದೂರಕ್ಕೂ ಹೆದರುತ್ತಾರೆ. ಅದು ಸರಿಯಾದ ಹೆದರಿಕೆಯೇ!

ಲೂಡೋನಾ ಚೌಕಾಬಾರಾನಾ ಅಂತ ಕೇಳಿದರೆ ನಾನು ಎರಡನೇ ಸಲ ಯೋಚಿಸುವುದಿಲ್ಲ. ಖರ್ಚೂ ಇಲ್ಲ. ಒಂದು ಸೀಮೆಸುಣ್ಣ, ನಾಲ್ಕು ಬೀಜ, ಕಾಯಿಗೆ ಬಳೆಚೂರು, ಗುಂಡಿ, ಕಡಲೆಕಾಯಿ ಸಿಪ್ಪೆ, ಏನಿದ್ದರೂ ಆದೀತು.

ಅಳಗುಳಿ ಮಣೆ: ಕೈಯಲ್ಲೇ ಲೆಕ್ಕ

ಕರಾವಳಿಯವರಿಗೆ ಇದು ಚೆನ್ನೆಮಣೆ. ಆಟಿ ತಿಂಗಳ ಜಡಿಮಳೆಯಲ್ಲಿ ಜಗಲಿಯ ಮೇಲೆ ಕೂತು ಆಡುತ್ತಿದ್ದ ಆಟ. ಮಣೆಯ ಎರಡು ಕಡೆ ಏಳೇಳು ಗುಳಿ, ಒಟ್ಟು 14. ಗುಳಿಗೆ ನಾಲ್ಕರಂತೆ 56 ಬೀಜ. ಮಂಜೊಟ್ಟಿ ಕಾಯಿ ಆಗಬಹುದು, ಹುಣಸೆ ಬೀಜ ಆಗಬಹುದು. ಐದೈದು ಹಾಕಿ ಆಡುವ ಮನೆಗಳೂ ಇವೆ. ನಿಯಮ ಊರೂರಿಗೆ ಬೇರೆ. ನಾವು ಆಡುವುದು ಸರಳವಾದದ್ದು. ನಿಮ್ಮ ಕಡೆಯ ಒಂದು ಗುಳಿಯ ಬೀಜ ಎತ್ತಿ, ಬಲಕ್ಕೆ ಒಂದೊಂದೇ ಬಿತ್ತುತ್ತಾ ಹೋಗಿ. ಕೈ ಖಾಲಿಯಾದ ಮೇಲೆ ಮುಂದಿನ ಗುಳಿಯ ಬೀಜ ಎತ್ತಿ ಮತ್ತೆ ಬಿತ್ತಿ. ಮುಂದಿನ ಗುಳಿ ಖಾಲಿ ಇದ್ದರೆ, ಅದನ್ನು ಸವರಿ, ಅದರಾಚೆಯ ಗುಳಿಯಲ್ಲಿ ಇರುವಷ್ಟೂ ನಿಮ್ಮದು. ಅಲ್ಲಿಗೆ ಎದುರಾಳಿಯ ಸರದಿ.

ಈ ಆಟದಲ್ಲಿ ಮಕ್ಕಳು ಎಷ್ಟು ಎಣಿಸುತ್ತಾರೆ ಅಂತ ನೋಡಿಯೇ ತಿಳಿಯಬೇಕು. ಮೊದಮೊದಲು ಗುಳಿಯೊಳಗೆ ಬೆರಳು ಹಾಕಿ ಒಂದೊಂದೇ ಬೀಜ ಎಣಿಸುತ್ತಾರೆ. ನಾಲ್ಕೈದು ದಿನಕ್ಕೆ ಕಣ್ಣಿನಲ್ಲೇ "ಆರು" ಅನ್ನುತ್ತಾರೆ. ಆಮೇಲೆ ಬಿತ್ತುವ ಮೊದಲೇ "ಇದರಲ್ಲಿ ಐದಿದೆ, ಅಲ್ಲಿಗೆ ಮುಗಿಯುತ್ತೆ, ಅದರ ಮುಂದಿನದು ಖಾಲಿ" ಅಂತ ಬಾಯಲ್ಲೇ ಓಟ ಮುಗಿಸುತ್ತಾರೆ. ಎರಡನೇ ಕ್ಲಾಸಿನಲ್ಲಿ ಕೂಡುವುದು ಕಳೆಯುವುದು ಕಷ್ಟ ಅನ್ನುವ ಮಗುವಿಗೆ ನಾನು ಕೊಡುವ ಮೊದಲ ಆಟ ಇದು.

ಇದರಲ್ಲಿ ಒಂದು ಸೊಗಸಾದ ವಿಷಯ ಇದೆ. ಆಟದ ಮೊದಲ ನಡೆಯಲ್ಲಿ ನೀವು ಏಳರಲ್ಲಿ ಯಾವ ಗುಳಿಯಿಂದ ಶುರು ಮಾಡಿದರೂ ನಿಮಗೆ ಸಿಗುವುದು 6 ಬೀಜ! ನಮ್ಮ ಮಕ್ಕಳು "ಇದು ಒಳ್ಳೇ ಗುಳಿ, ಅದು ಕೆಟ್ಟ ಗುಳಿ" ಅಂತ ಜಗಳ ಆಡುತ್ತಿದ್ದರು. ಒಂದು ಶನಿವಾರ ಏಳನ್ನೂ ಆಡಿಸಿ ನೋಡಿದೆವು. ನಾಲ್ಕು ಬೀಜ ಎತ್ತಿ ಬಿತ್ತಿದೆವು, ಮುಂದಿನ ನಾಲ್ಕು ಎತ್ತಿದೆವು, ಆಮೇಲೆ ಇನ್ನೊಂದು ನಾಲ್ಕು, ಆಮೇಲೆ ಐದು, ಐದು, ಐದು, ಕೊನೆಗೆ ಒಂದೇ ಒಂದು. ಅದನ್ನು ಹಾಕಿದಾಗ ಮುಂದಿನ ಗುಳಿ ಖಾಲಿ, ಅದರಾಚೆ ಆರು. ಏಳು ಸಲವೂ ಇದೇ. ಯಾಕೆ? ಮಣೆ ಎರಡು ಸಾಲಿನಂತೆ ಕಂಡರೂ ಆಟ ನಡೆಯುವುದು ಸುತ್ತಾಗಿ. ಎಲ್ಲಾ ಗುಳಿಯಲ್ಲೂ ನಾಲ್ಕೇ ಇರುವಾಗ ಸುತ್ತಿಗೆ ಮೊದಲು ಯಾವುದು, ಕೊನೆ ಯಾವುದು? ನಾಲ್ಕನೇ ಕ್ಲಾಸಿನ ಹುಡುಗ ಇದನ್ನು "ಬಳೆಗೆ ತುದಿ ಇಲ್ಲವಲ್ಲ ಮಿಸ್, ಹಾಗೆ" ಅಂತ ಹೇಳಿದ. ನಾನು ಅದಕ್ಕಿಂತ ಚೆನ್ನಾಗಿ ಹೇಳಲಾರೆ. ಸಿಗುವ ಬೀಜ ಒಂದೇ ಆದರೂ ಉಳಿದ ಬೀಜ ನಿಮ್ಮ ಕಡೆ ಎಷ್ಟು, ಎದುರಾಳಿಯ ಕಡೆ ಎಷ್ಟು ಅನ್ನುವುದು ಬೇರೆ ಬೇರೆ ಆಗುತ್ತದೆ. ಜಾಣತನ ಇರುವುದು ಅಲ್ಲಿ.

ದೊಡ್ಡವರಿಗೆ ಇನ್ನೊಂದು ಸುಳಿವು. ನಿಮ್ಮ ಯಾವುದಾದರೂ ಗುಳಿಯಲ್ಲಿ ಸರಿಯಾಗಿ 13 ಬೀಜ ಸೇರಿದರೆ ಅದನ್ನು ಬಿಡಬೇಡಿ. ಎತ್ತಿ ಬಿತ್ತಿದರೆ ಪೂರ್ತಿ ಸುತ್ತು ಬಂದು ಹಿಂದಿನ ಗುಳಿಯಲ್ಲಿ ಮುಗಿಯುತ್ತದೆ. ಮುಂದಿನದು ನೀವೇ ಖಾಲಿ ಮಾಡಿದ ಗುಳಿ. ಅದರಾಚೆಯದರಲ್ಲಿ ನೀವೇ ಈಗ ತಾನೇ ಒಂದು ಹಾಕಿದ್ದೀರಿ. ಹಾಗಾಗಿ ಗಳಿಕೆ ಖಾತ್ರಿ.

ಚೌಕಾಬಾರಕ್ಕೆ ನಾಲ್ಕು ಜನ ಇದ್ದರೆ ಚಂದ, ಒಂದು ಆಟಕ್ಕೆ ಗಂಟೆಯೂ ಹಿಡಿಯಬಹುದು. ಅಳಗುಳಿ ಮಣೆಗೆ ಇಬ್ಬರು ಸಾಕು. ಒಂದೇ ಮಗು ಇರುವ ಮನೆಗೆ, ಅಜ್ಜಿಯೋ ಅಮ್ಮನೋ ಜೊತೆಗೆ ಕೂರುವಂತಿದ್ದರೆ, ಇದೇ ಸರಿ. ಮರದ ಮಣೆ ದುಬಾರಿ ಅನ್ನಿಸಿದರೆ 14 ಪೇಪರ್ ಲೋಟ ಸಾಲಾಗಿ ಇಡಿ. ಮರದ್ದೇ ಬೇಕು ಅನ್ನುವವರು ಮೈಸೂರಿಗೆ ಹೋದಾಗ ಹುಡುಕಿ. ಅಲ್ಲಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನ ಹಳೆಯ ಆಟಗಳ ಹಾಸು, ಮಣೆ, ಕಾಯಿಗಳನ್ನು ಕುಶಲಕರ್ಮಿಗಳಿಂದ ಮತ್ತೆ ಮಾಡಿಸಿ ಪ್ರದರ್ಶನಕ್ಕೆ ಇಡುತ್ತದೆ.

ಬಿಸಿನೆಸ್ ಆಟ, ಚಿಲ್ಲರೆ ಲೆಕ್ಕಕ್ಕೆ

ಕಾಗದದ ನೋಟು ಇಟ್ಟುಕೊಂಡು ಊರು ಕೊಳ್ಳುವ ಆಟ. ಹತ್ತು ವರ್ಷದ ಹಿಂದೆ ಇದನ್ನು ನಾನು ಅಷ್ಟಾಗಿ ಹೇಳುತ್ತಿರಲಿಲ್ಲ. ಈಗ ಹೇಳುತ್ತೇನೆ. ಮೊದಲು ಮಕ್ಕಳು ಅಂಗಡಿಗೆ 50 ರೂಪಾಯಿ ಹಿಡಿದು ಹೋಗಿ, ಕೊತ್ತಂಬರಿ ಸೊಪ್ಪು, ಮೊಸರು ತಂದು, ಉಳಿದ ಚಿಲ್ಲರೆ ಎಣಿಸಿ ಕೊಡುತ್ತಿದ್ದರು. ಈಗ ಅಮ್ಮ ಫೋನಿನಲ್ಲಿ ಸ್ಕ್ಯಾನ್ ಮಾಡುತ್ತಾರೆ, ಅಂಗಡಿಯ ಡಬ್ಬಿ "ಮೂವತ್ತೆರಡು ರೂಪಾಯಿ ಬಂದಿದೆ" ಅಂತ ಕೂಗುತ್ತದೆ, ಮುಗಿಯಿತು. ಅನುಕೂಲ ನಿಜ. ಆದರೆ 50ರಿಂದ 32 ಕಳೆಯುವುದು ಮಗುವಿನ ದಿನಚರಿಯಿಂದಲೇ ಹೋಗಿಬಿಟ್ಟಿದೆ. ಆರನೇ ಕ್ಲಾಸಿನ ಮಗು ಚಿಲ್ಲರೆ ಎಣಿಸಲು ತಡವರಿಸುವುದನ್ನು ಈಗ ಆಗಾಗ ನೋಡುತ್ತೇನೆ.

ಹಾಗಾಗಿ ಈ ಆಟ ತನ್ನಿ. ಲೆಕ್ಕದಲ್ಲಿ ಹಿಂದಿರುವ ಮಗುವನ್ನೇ ಬ್ಯಾಂಕ್ ಮಾಡಿ. ಬ್ಯಾಂಕ್ ಆದವರಿಗೆ ಪ್ರತಿ ಸರದಿಯಲ್ಲೂ ಕೆಲಸ. ಬಾಡಿಗೆ, ಚಿಲ್ಲರೆ, ದಂಡ, ಎಲ್ಲಾ ಅವರ ಕೈಯಲ್ಲೇ. ಕಾರ್ಡ್ ಉಜ್ಜಿದರೆ ಯಂತ್ರವೇ ಲೆಕ್ಕ ಹೇಳುವ ಹೊಸ ಬಗೆಯ ಡಬ್ಬಿಗಳೂ ಸಿಗುತ್ತವೆ. ಅದನ್ನು ತರಬೇಡಿ, ನೋಟು ಇರುವುದನ್ನೇ ಕೇಳಿ.

ಚೆಸ್, ಮತ್ತು "ಮುಂದೆ ಇದರಲ್ಲೇ ಏನಾದರೂ ಆಗ್ತಾನಾ?"

2024ರ ಡಿಸೆಂಬರಿನಲ್ಲಿ ಡಿ. ಗುಕೇಶ್ ಸಿಂಗಪುರದಲ್ಲಿ ಡಿಂಗ್ ಲಿರೆನ್ ಅವರನ್ನು ಸೋಲಿಸಿ 18ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದರು. ಅವತ್ತಿನಿಂದ ಚೆಸ್ ಕ್ಲಾಸಿಗೆ ಸೇರಿಸಲಾ ಅಂತ ಕೇಳುವವರು ಜಾಸ್ತಿಯಾಗಿದ್ದಾರೆ. ಸೇರಿಸಿ, ಒಳ್ಳೆಯದೇ. ಆದರೆ ಎರಡು ವಿಷಯ ತಿಳಿದುಕೊಂಡು ಸೇರಿಸಿ.

ಮೊದಲನೆಯದು, ಚೆಸ್‌ನಲ್ಲಿ ಅಂಕಿ ಲೆಕ್ಕ ಕಡಿಮೆ. ಮಂತ್ರಿಗೆ 9, ಆನೆಗೆ 5, ಒಂಟೆ ಕುದುರೆಗೆ ಮೂರು ಮೂರು, ಕಾಲಾಳಿಗೆ 1 ಅಂತ ಬೆಲೆ ಕಟ್ಟಿ, ಕೊಟ್ಟದ್ದೆಷ್ಟು ತೆಗೆದುಕೊಂಡದ್ದೆಷ್ಟು ಅಂತ ನೋಡುವ ಮಟ್ಟಿಗೆ ಕೂಡು-ಕಳೆ ಇದೆ. ಅದರ ನಿಜವಾದ ಪಾಠ ಬೇರೆ. "ನಾನು ಹೀಗೆ ನಡೆಸಿದರೆ ಅವನು ಏನು ಮಾಡ್ತಾನೆ?" ಅಂತ ಒಂದು ಗಳಿಗೆ ಕೈ ತಡೆದು ಯೋಚಿಸುವುದು. ಮಗ್ಗಿ ಬರಲಿ ಅಂತ ಚೆಸ್‌ಗೆ ಕಳುಹಿಸಿದರೆ ಮಗ್ಗಿ ಬರುವುದಿಲ್ಲ.

ಎರಡನೆಯದು ಜೀವನೋಪಾಯದ ಮಾತು. ಗ್ರಾಂಡ್‌ಮಾಸ್ಟರ್ ಆಗಲು 2500 ರೇಟಿಂಗ್ ಮುಟ್ಟಬೇಕು, ಅದರ ಜೊತೆಗೆ ಮೂರು ನಾರ್ಮ್ (ದೊಡ್ಡ ಪಂದ್ಯಾವಳಿಯಲ್ಲಿ ಗ್ರಾಂಡ್‌ಮಾಸ್ಟರ್ ಮಟ್ಟದ ಆಟ) ಗಳಿಸಬೇಕು. ಅದಕ್ಕಾಗಿ ಊರೂರು, ದೇಶ ದೇಶ ತಿರುಗಿ ಪಂದ್ಯ ಆಡಬೇಕು. 1988ರಲ್ಲಿ ವಿಶ್ವನಾಥನ್ ಆನಂದ್ ನಮ್ಮ ದೇಶದ ಮೊದಲ ಗ್ರಾಂಡ್‌ಮಾಸ್ಟರ್ ಆದರು. ಆಮೇಲೆ ದಾರಿ ಅಗಲವಾಗಿದೆ, ನಿಜ. ಆದರೂ ಆಡಿಯೇ ಹೊಟ್ಟೆ ಹೊರೆಯುವವರು ಎಲ್ಲೋ ಕೆಲವರು. ಎಂಟು ವರ್ಷದ ಮಗುವಿನ ಎದುರು ಈ ಮಾತು ತೆಗೆಯಲೇಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಅಪ್ಪ ದುಡ್ಡು ಕಟ್ಟಿದ್ದಾರೆ ಅನ್ನುವ ಭಾರ ಹೊತ್ತು ಆಡುವ ಮಗುವಿನ ಮುಖ ನೋಡಿದ್ದೇನೆ. ಸೋತರೆ ಆಟ ಸೋತಂತೆ ಇರುವುದಿಲ್ಲ, ತಪ್ಪು ಮಾಡಿದಂತೆ ಇರುತ್ತದೆ.

ಫೋನೇ ಮೇಲು ಅಂತ ಆಗಲೇ ಹೇಳಿದೆನಲ್ಲ, ಅದು ಚೆಸ್. ಚೆಸ್‌ಗೆ ಸಮಬಲದ ಜೊತೆ ಬೇಕು. ಮನೆಯಲ್ಲಿ ಅಪ್ಪ ಯಾವಾಗಲೂ ಗೆದ್ದರೆ ಮಗುವಿಗೆ ಬೇಜಾರು. ಬೇಕೆಂದೇ ಸೋತರೆ ಮಗುವಿಗೆ ಗೊತ್ತಾಗಿಬಿಡುತ್ತದೆ. ಫೋನಿನಲ್ಲಿ ಅದೇ ಮಟ್ಟದ ಎದುರಾಳಿ ಸಿಗುತ್ತಾರೆ. ಆಡಿದ ಆಟವನ್ನು ಹಿಂದಕ್ಕೆ ತಿರುಗಿಸಿ ಎಲ್ಲಿ ಎಡವಿದೆ ಅಂತ ನೋಡಬಹುದು. ಲಿಚೆಸ್ ಅನ್ನುವ ಚೆಸ್ ಆ್ಯಪ್ ಉಚಿತ, ಜಾಹೀರಾತೂ ಇಲ್ಲ. ಒಂದೇ ಎಚ್ಚರ. ಯಾರು ಮುಂದಿದ್ದಾರೆ ಅಂತ ಪಕ್ಕದಲ್ಲಿ ತೋರಿಸುವ ಪಟ್ಟಿಯನ್ನು ಮುಚ್ಚಿಡಿ. ಮೊದಲು ಮಗು "ನಾನು ಇಲ್ಲಿ ತಪ್ಪಿದೆ" ಅಂತ ತಾನೇ ಹೇಳಲಿ, ಆಮೇಲೆ ಪಟ್ಟಿ ತೆರೆಯಿರಿ. 1997ರಲ್ಲೇ ಡೀಪ್ ಬ್ಲೂ ಕಂಪ್ಯೂಟರ್ ಆಗಿನ ವಿಶ್ವ ಚಾಂಪಿಯನ್ ಕಾಸ್ಪರೋವ್ ಅವರನ್ನು ಸೋಲಿಸಿತು. ಯಂತ್ರಕ್ಕೆ ಚೆಸ್ ಬರುತ್ತದೆ ಅನ್ನುವುದು ಹಳೇ ಸುದ್ದಿ. ನಮ್ಮ ಮಗುವಿಗೆ ಬರಬೇಕು, ಅಲ್ವಾ?

ಜೊತೆಗೆ ಯಾರೂ ಇಲ್ಲದ ಮಧ್ಯಾಹ್ನಕ್ಕೆ ಒಂದು ಒಗಟು. ಚೌಕಾಬಾರದ 25 ಮನೆಯ ಮೂಲೆಯಲ್ಲಿ ಚೆಸ್ ಕುದುರೆ ಇಡಿ. ಪ್ರತಿ ಮನೆಗೂ ಒಂದೇ ಸಲ ಹೋಗಿ 25ನ್ನೂ ಮುಗಿಸಬೇಕು. ಸಾಧ್ಯ ಇದೆ. ಮೂಲೆಯ ಪಕ್ಕದ ಮನೆಯಿಂದ ಶುರು ಮಾಡಿದರೆ ಮಾತ್ರ ಎಷ್ಟು ತಿಣುಕಿದರೂ ಆಗುವುದಿಲ್ಲ. ಮನೆಗಳಿಗೆ ಕಪ್ಪು ಬಿಳುಪು ಬಣ್ಣ ಹಾಕಿ ಎಣಿಸಿದರೆ 13 ಮತ್ತು 12 ಆಗುತ್ತದೆ, ಕಾರಣ ಅದರಲ್ಲೇ ಅಡಗಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು 64 ಮನೆಯ ಮೇಲೆ ಈ ಕುದುರೆ ಓಟವನ್ನು ಹಲವು ರೀತಿಯಲ್ಲಿ ಬಿಡಿಸಿದ್ದರು, ತಾವೇ ಹೊಸ ಆಟಗಳನ್ನೂ ಕಟ್ಟಿದ್ದರು. ಅರಸರು ತಲೆ ಕೆಡಿಸಿಕೊಂಡ ಒಗಟು ಅಂದರೆ ಮಕ್ಕಳಿಗೆ ಹುರುಪು ಬರುತ್ತದೆ.

ಫೋನಿನ ಒಗಟುಗಳು

ಸುಡೋಕು ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಅದರಲ್ಲಿ ಅಂಕಿ ಇದೆ, ಆದರೆ ಲೆಕ್ಕ ಇಲ್ಲ. 1ರಿಂದ 9ರ ಬದಲು ಕ, ಖ, ಗ, ಘ ಬರೆದರೂ ಆಟ ಒಂದೇ. ಅದು ತರ್ಕದ ಆಟ, ಆ ಮಟ್ಟಿಗೆ ಬಹಳ ಒಳ್ಳೆಯದು. ಪೇಪರಿನಲ್ಲಿ ಬರುವುದನ್ನು ಪೆನ್ಸಿಲಿನಲ್ಲಿ ಬಿಡಿಸಲಿ. ಫೋನಿನಲ್ಲಾದರೆ ತಪ್ಪು ಹಾಕಿದ ಕೂಡಲೇ ಕೆಂಪಾಗಿ ತೋರಿಸುತ್ತದೆ, ಮಕ್ಕಳು ಯೋಚಿಸದೆ ಒಂದೊಂದೇ ಒತ್ತಿ ನೋಡಲು ಶುರು ಮಾಡುತ್ತಾರೆ.

2048 ಪರವಾಗಿಲ್ಲ. 2014ರಲ್ಲಿ ಇಟಲಿಯ ಗೇಬ್ರಿಯೆಲೆ ಚಿರುಲ್ಲಿ ಮಾಡಿದ ಆಟ. 2ಕ್ಕೆ 2 ಸೇರಿದರೆ 4, 4ಕ್ಕೆ 4 ಸೇರಿದರೆ 8, ಹೀಗೆ ದುಪ್ಪಟ್ಟು ಆಗುತ್ತಾ ಹೋಗುತ್ತದೆ. 256, 512 ಅನ್ನುವ ಅಂಕಿಗಳು ಮಕ್ಕಳ ನಾಲಿಗೆಗೆ ಹತ್ತುತ್ತವೆ. ಹತ್ತು ನಿಮಿಷ ಆಡಲಿ, ಸಾಕು. ರೂಬಿಕ್ ಕ್ಯೂಬ್ ಕೈಚಳಕಕ್ಕೆ ಚೆನ್ನ, ಲೆಕ್ಕಕ್ಕೆ ಅಂತ ಕೊಡಿಸಬೇಡಿ.

ಉಚಿತ ಅಂತ ಸಿಗುವ ಆಟಗಳಲ್ಲಿ ನಡುನಡುವೆ ಬರುವ ಜಾಹೀರಾತು ನನಗೆ ದೊಡ್ಡ ಚಿಂತೆ. ನನ್ನ ತಂಗಿಯ ಮಗ ಅಂಥ ಒಂದು ಆಟ ಆಡುತ್ತಾ, ನಾಣ್ಯ ಕೊಳ್ಳುವ ಗುಂಡಿ ಒತ್ತಿ, ಅವಳ ಖಾತೆಯಿಂದ 400 ರೂಪಾಯಿ ಹೋಯಿತು. ಮಗುವಿಗೆ ಅದು ಆಟದ ನಾಣ್ಯ, ಅಮ್ಮನಿಗೆ ಎರಡು ದಿನದ ತರಕಾರಿ. ಫೋನಿನಲ್ಲಿ ಖರೀದಿಗೆ ಪಾಸ್‌ವರ್ಡ್ ಕೇಳುವಂತೆ ಇವತ್ತೇ ಮಾಡಿಡಿ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ತಂದು ನಿಷೇಧಿಸಿತು. ದೊಡ್ಡ ಮಕ್ಕಳಿರುವ ಮನೆಯಲ್ಲಿ ಈ ವಿಷಯ ಬಾಯಿಬಿಟ್ಟು ಮಾತಾಡುವುದು ಒಳ್ಳೆಯದು.

ಯಾರಿಗೆ ಯಾವುದು

ಆರರ ಒಳಗಿನ ಮಗುವಿಗೆ ಹಾವು-ಏಣಿ. ಕೂಡು-ಕಳೆಯಲ್ಲಿ ತಡವರಿಸುವವರಿಗೆ ಅಳಗುಳಿ ಮಣೆ. ಚಿಲ್ಲರೆ ಗೊತ್ತಿಲ್ಲದವರಿಗೆ ಬಿಸಿನೆಸ್, ಅವರೇ ಬ್ಯಾಂಕ್. ಎಂಟು ದಾಟಿದ, ಮೂರು ನಾಲ್ಕು ಮಕ್ಕಳು ಸೇರುವ ಮನೆಗೆ ಚೌಕಾಬಾರ. ಒಬ್ಬರೇ ಕೂತು ಯೋಚಿಸುವ ಸ್ವಭಾವದ ಮಗುವಿಗೆ ಚೆಸ್. ಒಂದೇ ಆಟ ಹೇಳಿ ಅಂತ ಪಟ್ಟು ಹಿಡಿದರೆ ನಾನು ಚೌಕಾಬಾರ ಅನ್ನುತ್ತೇನೆ. ಅದರಲ್ಲಿ ಅದೃಷ್ಟ ಇದೆ, ಹಾಗಾಗಿ ಚಿಕ್ಕವರೂ ದೊಡ್ಡವರನ್ನು ಸೋಲಿಸಬಹುದು. ಯೋಚನೆಯೂ ಇದೆ, ಹಾಗಾಗಿ ಆಡಿದಷ್ಟೂ ಆಟ ಸುಧಾರಿಸುತ್ತದೆ. ಎರಡೂ ಸೇರಿದ್ದಕ್ಕೇ ಅಜ್ಜಿ, ಅಪ್ಪ, ಮೊಮ್ಮಗಳು ಒಂದೇ ನೆಲದ ಮೇಲೆ ಕೂರುತ್ತಾರೆ.

ಹುಣಸೆ ಬೀಜ ತೇಯುವುದು ಹೇಗೆ ಅಂತ ಕೇಳುವವರಿಗೆ: ದಪ್ಪ ಬೀಜ ಆರಿಸಿ, ಒಂದು ಬದಿಯನ್ನು ಒರಟು ಕಲ್ಲಿಗೋ ಸಿಮೆಂಟ್ ಮೆಟ್ಟಿಲಿಗೋ ಹಚ್ಚಿ ಬಿಳಿ ಕಾಣುವ ತನಕ ಉಜ್ಜಿ. ಜೋರಾಗಿ ಉಜ್ಜಿದರೆ ಬೀಜ ಬಿಸಿಯಾಗುತ್ತದೆ, ಬೆರಳು ಜೋಪಾನ. ನಾಲ್ಕಕ್ಕೆ ಬದಲು ಐದು ತೇಯ್ದಿಡಿ. ನಮ್ಮ ಅದೇ ಹುಡುಗಿ, ಈಗ ಆರನೇ ಕ್ಲಾಸು, ಮೊನ್ನೆ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ ಕೇಳಿದಳು. "ಮಿಸ್, ನಾಲ್ಕರ ಬದಲು ಐದು ಬೀಜ ಹಾಕಿದ್ರೆ ಆಗ ಯಾವುದು ಜಾಸ್ತಿ ಬೀಳುತ್ತೆ, ಎರಡಾ ಮೂರಾ?" ಸ್ಲೇಟಿನಲ್ಲಿ 32 ಸಾಲು ಹಿಡಿಯುವುದಿಲ್ಲ. ಈ ಶನಿವಾರಕ್ಕೆ ದೊಡ್ಡ ಹಾಳೆ ತಂದಿಟ್ಟಿದ್ದೇನೆ.